ಬೋರ್ಡ್ ಸುಳ್ಳು ಹೇಳಿದರೆ ತಪ್ಪು ನಡೆಯುವವರದ್ದಾ?

ಮಾನ್ಯ ಸಂಪಾದಕರೇ,

ಬೆಟ್ಟದ ಹಿಂಬದಿ ದಾರಿಯಲ್ಲಿ ಕತ್ತಲಾಗಿ ಸಿಕ್ಕಿಕೊಂಡವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ‘ಅತಿ ಉತ್ಸಾಹದ ಚಾರಣಿಗರು’ ಎಂದು ಬರೆದಿದ್ದೀರಿ. ಅವರಲ್ಲಿ ನಾನೂ ಒಬ್ಬ. ವಯಸ್ಸು 60 ದಾಟಿದೆ, ಮಂಡಿ ನೋಯುತ್ತದೆ, ಅತಿ ಉತ್ಸಾಹದ ಕಾಲ ಯಾವಾಗಲೋ ಮುಗಿಯಿತು. ವರದಿಗಾರರು ಅಧಿಕಾರಿಯನ್ನು ಮಾತ್ರ ಕೇಳಿ ಬರೆದಂತಿದೆ. ನಡೆದವರನ್ನೂ ಒಂದು ಮಾತು ಕೇಳಬಹುದಿತ್ತು ಅಲ್ವಾ?

ಮೊದಲು ಬುಡದಲ್ಲಿರುವ ಆ ಹೊಸ ಬೋರ್ಡ್ ನೋಡಿ ಬನ್ನಿ. ಮುಕ್ಕಾಲು ಭಾಗ ಉದ್ಘಾಟಿಸಿದವರ ಹೆಸರು. ಉಳಿದ ಜಾಗದಲ್ಲಿ ‘ತುದಿಗೆ 4 ಕಿ.ಮೀ., 1 ಗಂಟೆ’. 4 ಕಿ.ಮೀ. ಸರಿ. ಆದರೆ ಅಷ್ಟರಲ್ಲೇ 900 ಮೀಟರ್ ಎತ್ತರ ಏರಬೇಕು ಅನ್ನುವುದು ಎಲ್ಲೂ ಇಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಲೆಕ್ಕ ಹೇಳಿಟ್ಟಿದ್ದಾರೆ. ಸುಮಾರು 5 ಕಿ.ಮೀ. ನಡೆಯಲು ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಗೆ ಎರಡು ಗಂಟೆ ಇಪ್ಪತ್ತು ನಿಮಿಷದ ಹತ್ತಿರ ಬರುತ್ತದೆ. ಅದೂ ಗಟ್ಟಿಮುಟ್ಟಾದವರಿಗೆ, ಎಲ್ಲೂ ಕೂರದೆ ಹೋದರೆ. ಬೋರ್ಡ್ ಬರೆಸಿದವರು ಜೀಪಿನಲ್ಲಿ ಹೋಗಿದ್ದರೇನೋ ಅಂದುಕೊಳ್ಳೋಣ ಅಂದರೆ, ಅಲ್ಲಿ ಜೀಪೂ ಹೋಗುವುದಿಲ್ಲ!

ಅರ್ಧ ಏರಿದ ಮೇಲೆ ಕವಲು. ಬಾಣದ ಗುರುತಿದ್ದ ಮರ ಕಳೆದ ಮಳೆಗಾಲದಲ್ಲೇ ಬಿದ್ದು, ಇನ್ನೂ ಅಡ್ಡ ಮಲಗಿದೆ. ಅದನ್ನು ಸುತ್ತಿಬಳಸಿ ಹೋದವರ ಕಾಲಿಗೆ ಎರಡೂ ಕಡೆ ಹೊಸ ದಾರಿ ಬಿದ್ದಿದೆ. ಅದರ ಜೊತೆಗೆ ಮಳೆನೀರು ಹರಿದು ಆದ ಕೊರಕಲು ಬೇರೆ. ನೋಡಲು ಒಳ್ಳೆ ದಾರಿಯಂತೆಯೇ ಇದೆ, ಕೊನೆಗೆ ಬಂಡೆಯ ಅಂಚಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ. ಅಲ್ಲಿಂದ ವಾಪಸ್ ಬರುವಷ್ಟರಲ್ಲಿ ಮಂಜು ಇಳಿಯಿತು. ದಟ್ಟ ಮರಗಳ ಕೆಳಗೆ ಬಯಲಿಗಿಂತ ಬೇಗ ಕತ್ತಲು. ಅಷ್ಟು ಎತ್ತರದಲ್ಲಿ ಬುಡಕ್ಕಿಂತ ಚಳಿಯೂ ಜಾಸ್ತಿ. ನನ್ನ ಕನ್ನಡಕ ಹೋಯಿತು, ತಮ್ಮನ ಶೂ ತಳ ಕಿತ್ತು ಬಂತು, ಫೋನಿಗೆ ಸಿಗ್ನಲ್ ಇಲ್ಲ, ಮರುದಿನ ಅವನಿಗೆ ಆಫೀಸು ತಪ್ಪಿತು. ಮನೆಯಲ್ಲಿ ಬೈಗುಳ. ಸಾಲದ್ದಕ್ಕೆ ನಿಮ್ಮ ವರದಿ.

ಗೇಟಿನಲ್ಲಿ ಹೆಸರು, ವಿಳಾಸ, ಫೋನ್ ನಂಬರ್, ಹೋದ ಸಮಯ ಎಲ್ಲ ಬರೆಸಿಕೊಂಡಿದ್ದರು. ‘ವಾಪಸ್ ಬಂದ ಸಮಯ’ ಅಂತಲೂ ಒಂದು ಕಾಲಂ ಇದೆ. ಯಾವ ಪುಟ ತಿರುವಿದರೂ ಖಾಲಿ. ಸಂಜೆ ಯಾರಾದರೂ ಆ ಪುಸ್ತಕ ತೆರೆದಿದ್ದರೆ ಒಳಗೆ ಜನ ಇದ್ದಾರೆಂದು ತಿಳಿಯುತ್ತಿತ್ತು. ನಾವು ಇಳಿದು ಬಂದಾಗ ಗೇಟಿಗೆ ಬೀಗ! ಹತ್ತಿ ಹಾರಬೇಕಾಯಿತು. ‘ಅತಿಕ್ರಮ ನಿರ್ಗಮನ’ ಎಂದು ಕೇಸು ಹಾಕದಿದ್ದುದೇ ಪುಣ್ಯ.

ಈ ಅಧಿಕಾರಿಗಳು ಮೊದಲಿನಿಂದಲೂ ಹೀಗೆಯೇ. ಮುಂಬದಿ ದಾರಿಗೆ ಮೆಟ್ಟಿಲು, ಕಂಬಿ, ಸೆಲ್ಫಿ ಕಟ್ಟೆ ಎಲ್ಲ ಮಾಡಿದರು. ಬೆಂಚುಗಳನ್ನು ಕಣಿವೆಗೆ ಬೆನ್ನು ಹಾಕಿ ಕೂರಿಸಿದರು. ನೀರಿನ ತೊಟ್ಟಿ ಕಟ್ಟಿ ನೀರು ಬಿಡಲಿಲ್ಲ. ಶೌಚಾಲಯ ಕಟ್ಟಿ ಬೀಗ ಹಾಕಿದರು, ಕೀಲಿ ಯಾರ ಹತ್ತಿರ ಅಂದರೆ ಒಬ್ಬರಿಗೂ ಗೊತ್ತಿಲ್ಲ. ಫೋನ್ ಮಾಡಿದರೆ ‘ಸಾಹೇಬರು ಫೀಲ್ಡಿನಲ್ಲಿದ್ದಾರೆ’. ಯಾವ ಫೀಲ್ಡೋ! ಬೆಟ್ಟದ ಮೇಲಂತೂ ನಾವು ಕಂಡಿಲ್ಲ.

ಈಗ ಹಿಂಬದಿ ದಾರಿಯನ್ನೇ ಮುಚ್ಚುವ ಮಾತು ಕೇಳಿಬರುತ್ತಿದೆ. ದಯವಿಟ್ಟು ಮುಚ್ಚಬೇಡಿ. ಗದ್ದಲವಿಲ್ಲದೆ, ಹಕ್ಕಿ ಕೂಗುವುದು ಕಿವಿಗೆ ಬೀಳುವ ಹಾಗೆ ನಡೆಯಲು ಉಳಿದಿರುವುದು ಅದೊಂದೇ. ಹಾಗಂತ ಕಾಂಕ್ರೀಟ್ ಸುರಿದು ಉದ್ಧಾರ ಮಾಡುವುದೂ ಬೇಡ. ಬೋರ್ಡ್ ಸರಿಪಡಿಸಿ, ಆಗದಿದ್ದರೆ ಕಿತ್ತು ಬಿಸಾಕಿ. ಬಿದ್ದ ಮರ ತೆಗೆಸಿ, ಅದೂ ಆಗದಿದ್ದರೆ ಮರವನ್ನು ಅಲ್ಲೇ ಬಿಟ್ಟು ಅಧಿಕಾರಿಗಳನ್ನು ಎತ್ತಂಗಡಿ ಮಾಡಿ. ಏನಾದರೂ ಒಂದು ಮಾಡಿ. ಸುಮ್ನೆ ಕೂತು ಸಂಬಳ ಎಣಿಸುವವರಿಗೆ ನಾಚಿಕೆಯಾದರೂ ಬೇಡವೇ?

– ನಿಮ್ಮ ಓದುಗ