ಅದು ಚಿಟ್ಟೆಯಲ್ಲ, ಪತಂಗ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ 'ಹಸಿರು ಚಿಟ್ಟೆ' ಅಂತ ಹಾಕಿದ್ದೀರಲ್ಲ, ಅದು ಪತಂಗ. ಚಿಟ್ಟೆಯ ಮೀಸೆ ತುದಿಯಲ್ಲಿ ಗುಂಡಗಿರುತ್ತದೆ, ಪತಂಗದ್ದು ಹೆಚ್ಚಾಗಿ ದಾರದ ಹಾಗೋ ಗರಿಯ ಹಾಗೋ.

ಬೋರಿವಲಿಯ ನಮ್ಮ ಮನೆ ಸಂಜಯ್ ಗಾಂಧಿ ಉದ್ಯಾನಕ್ಕೆ ಹತ್ತಿರ. ಮಳೆಗಾಲದ ರಾತ್ರಿ ಬಾಲ್ಕನಿಯಲ್ಲಿ ಹಳೇ ಬಿಳಿ ಪಂಚೆ ಕಟ್ಟಿ, ಮುಂದೆ ಒಂದು ಬಲ್ಬ್ ಹಚ್ಚಿ ಸುಮ್ನೆ ಕೂತರೆ ಸಾಕು, ಅವೇ ಬಂದು ಅಂಟಿಕೊಳ್ಳುತ್ತವೆ. ಮೊನ್ನೆ ಬಂದದ್ದು ನಿಮ್ಮ ಫೋಟೋದಲ್ಲಿರುವುದೇ, ಓಲಿಯಾಂಡರ್ ಹಾಕ್ ಮಾತ್. ಹಸಿರು ರೆಕ್ಕೆಯ ಮೇಲೆ ಬಿಳಿ, ಗುಲಾಬಿ ಪಟ್ಟೆ, ಥೇಟ್ ಮಿಲಿಟರಿ ಬಟ್ಟೆ! ಇದರ ಹುಳು ಕಣಗಿಲೆ ಎಲೆ ತಿಂದು ಬೆಳೆಯುತ್ತದೆ. ಕೆಳಗೆ ಗೇಟಿನ ಹತ್ತಿರ ಕಣಗಿಲೆ ಇದೆ, ಮತ್ತೆ ಬರದೇ ಇರುತ್ತದಾ? ಸೊಸೈಟಿಯವರು ಮಾತ್ರ ಆ ಗಿಡಕ್ಕೆ ಔಷಧಿ ಹೊಡೆಸಬೇಕು ಅಂತ ಕೂತಿದ್ದಾರೆ.

ಜುಲೈ ಕೊನೆಯಲ್ಲಿ ಪತಂಗ ಸಪ್ತಾಹ ಬರುತ್ತದೆ, 2012ರಿಂದ ನಡೆಯುತ್ತಿದೆ. ಆಗಲಾದರೂ ಅರ್ಧ ಪುಟ ಕೊಡಿ.

– ಒಬ್ಬ ಓದುಗ, ಬೋರಿವಲಿ, ಮುಂಬೈ