ವರದಿ ತಲುಪಿದರೆ ಸಾಲದು, ಅಳತೆಯ ಮಾನವೂ ತಲುಪಲಿ

ಮಾನ್ಯರೇ,

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಡಿ 14 ಅಂಕಿಗಳ ಆಭಾ (ಆರೋಗ್ಯ ಖಾತೆ) ಸಂಖ್ಯೆ ಪಡೆದವರ ಪ್ರಯೋಗಾಲಯ ವರದಿಗಳು, ಅವರ ಒಪ್ಪಿಗೆಯ ಮೇರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ವ್ಯವಸ್ಥೆಯಿದೆ. ಆದರೆ ಆಸ್ಪತ್ರೆಯ ಗಣಕಯಂತ್ರಗಳು ಮಾಹಿತಿ ವಿನಿಮಯಕ್ಕೆ ಬಳಸುವ ಹಳೆಯ ಎಚ್‌ಎಲ್7 ಮಾದರಿಯ ಸಂದೇಶಗಳನ್ನು ಹೊಸ ಫೈರ್ (FHIR) ಮಾದರಿಗೆ ಪರಿವರ್ತಿಸುವ ತಂತ್ರಾಂಶವನ್ನು ಅಳವಡಿಸುವಾಗ, ಸ್ವೀಕೃತಿ ಬಂದ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುವುದು ಅಪಾಯಕಾರಿ. ಸಂದೇಶ ತಲುಪಿತೆಂದಷ್ಟೇ ಸ್ವೀಕೃತಿಯ ಅರ್ಥ. ಡೆಸಿಲೀಟರಿಗೆ 126 ಮಿಲಿಗ್ರಾಂ ರಕ್ತದ ಸಕ್ಕರೆ ಎಂದರೂ ಲೀಟರಿಗೆ 7 ಮಿಲಿಮೋಲ್ ಎಂದರೂ ಒಂದೇ. ಅಳತೆಯ ಮಾನ ಬಿಟ್ಟುಹೋಗಿ ಬರೀ 7 ಎಂಬ ಅಂಕಿ ದಾಟಿದರೆ ವೈದ್ಯರು ಅದನ್ನು ಏನೆಂದು ಓದಬೇಕು? (ತಂತ್ರಾಂಶದ ಕೆಲಸ ದಾಖಲಾಗುವ ಲಾಗ್ ಕಡತದಲ್ಲಿ ಇದು ದೋಷವೆಂದು ಕಾಣಿಸುವುದೂ ಇಲ್ಲ.) ಆದ್ದರಿಂದ ಆಸ್ಪತ್ರೆಗಳು ಪ್ರತಿ ಪರೀಕ್ಷೆಯ ಸಂಕೇತ ಮತ್ತು ಅಳತೆಯ ಮಾನವನ್ನು ಮಾದರಿ ವರದಿಗಳೊಂದಿಗೆ ತಾಳೆ ನೋಡಿದ ನಂತರವೇ ಸಂಪರ್ಕ ತೆರೆಯಬೇಕು, ತಿರಸ್ಕೃತ ಸಂದೇಶಗಳನ್ನು ಪ್ರತಿದಿನ ಪರಿಶೀಲಿಸಲು ಪ್ರಯೋಗಾಲಯದ ಒಬ್ಬರಿಗೆ ಹೊಣೆ ವಹಿಸಬೇಕು.

– ಓರ್ವ ಓದುಗ, ಹುಬ್ಬಳ್ಳಿ