ಬ್ಯಾಕ್ ಆಫೀಸಿಗೆ ಹಾಕಿದರು ಅಂತ ಬೇಜಾರು ಮಾಡಿಕೊಂಡವಳಿಗೆ

ಪ್ರೀತಿಯ ಪುಟ್ಟೀ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಒಂದು ಕಡೆ ಸಿಟ್ಟೂ ಬಂತು. ಸಿಟ್ಟಿನ ವಿಷಯ ಆಮೇಲೆ ಹೇಳುತ್ತೇನೆ.

ಷೇರು ಮಾರುಕಟ್ಟೆ ನೋಡೋಣ ಅಂತ ಇಂಟರ್ನ್‌ಶಿಪ್‌ಗೆ ಹೋದರೆ ಎರಡು ಪಟ್ಟಿ ಕೊಟ್ಟು ತಾಳೆ ನೋಡು ಅಂತ ಮೂಲೆಯಲ್ಲಿ ಕೂರಿಸಿದ್ದಾರೆ ಅಂತ ಬರೆದಿದ್ದೀಯ. ಜೊತೆಗೆ ಸೇರಿದವರಲ್ಲಿ ಒಬ್ಬನಿಗೆ ಟ್ರೇಡಿಂಗ್ ಡೆಸ್ಕ್ ಸಿಕ್ಕಿತು, ಇನ್ನೊಬ್ಬಳು ಕಂಪನಿಗಳ ವಿಲೀನ ನೋಡುವ ತಂಡಕ್ಕೆ ಹೋದಳು, ನಿನ್ನ ಪಾಲಿಗೆ ಮಾತ್ರ ವ್ಯವಹಾರ ಆದ ಮೇಲೆ ಅದರ ಲೆಕ್ಕಪತ್ರ ನೋಡುವ ಬ್ಯಾಕ್ ಆಫೀಸು. "ಅತ್ತೆ, ಇದು ಬರೀ ಗುಮಾಸ್ತೆ ಕೆಲಸ" ಅಂದಿದ್ದೀಯ. ಅಲ್ಲಮ್ಮ, ನಿನ್ನ ಅತ್ತೆ ನಿವೃತ್ತಿ ಆಗುವ ತನಕ ಮಾಡಿದ್ದು ಅದನ್ನೇ ಅಲ್ವಾ? ಬರೆಯುವಾಗ ಸ್ವಲ್ಪ ನೆನಪಿರಬಾರದಾ! ಹಾಗಾಗಿ ಈ ಪತ್ರದಲ್ಲಿ ಪಕ್ಷಪಾತ ಇದ್ದೇ ಇರುತ್ತದೆ, ಸಹಿಸಿಕೋ.

ನಾನು ಹೇಳಬೇಕಾದ್ದು ಇಷ್ಟೇ. ಕಣ್ಣ ಮುಂದೆ ಒಂದು ಅಂಕಿ ಬಂದರೆ ಇದು ಎಲ್ಲಿಂದ ಬಂತು ಅಂತ ಬೆನ್ನು ಹತ್ತಿ ಹೋಗುವ ಅಭ್ಯಾಸ ಮಾಡಿಕೋ. ಅದನ್ನು ಕಲಿಯೋಕೆ ನೀನು ಕೂತಿರುವ ಮೂಲೆಗಿಂತ ಒಳ್ಳೆ ಜಾಗ ಆ ಕಟ್ಟಡದಲ್ಲಿ ಇಲ್ಲ.

ಬೇರಿಂಗ್ಸ್ ಬ್ಯಾಂಕಿನ ಕಥೆ ನಿಮಗೆ ಪಾಠದಲ್ಲಿ ಬಂದಿರಬೇಕು. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕು. 1995ರ ಫೆಬ್ರವರಿಯಲ್ಲಿ ಮುಳುಗಿತು. ನಷ್ಟ 82.7 ಕೋಟಿ ಪೌಂಡು. ಕೊನೆಗೆ ಡಚ್ ಸಂಸ್ಥೆ ಐಎನ್‌ಜಿ ಅದನ್ನು ಒಂದೇ ಒಂದು ಪೌಂಡಿಗೆ ತೆಗೆದುಕೊಂಡಿತು. ಪಾಠದಲ್ಲಿ ಇದನ್ನು ಸಾಮಾನ್ಯವಾಗಿ ನಿಕ್ ಲೀಸನ್ ಅನ್ನುವ ಒಬ್ಬ ಟ್ರೇಡರ್‌ನ ದುಸ್ಸಾಹಸದ ಕಥೆಯಾಗಿ ಹೇಳುತ್ತಾರೆ. ನಮ್ಮಂಥವರು ಅದನ್ನು ಬೇರೆ ತರಹ ಓದುತ್ತೇವೆ. ಸಿಂಗಾಪುರದ ಆಫೀಸಿನಲ್ಲಿ ವ್ಯವಹಾರ ಮಾಡುತ್ತಿದ್ದವನೂ ಅವನೇ, ಆ ವ್ಯವಹಾರದ ಲೆಕ್ಕ ಇಡುವ ವಿಭಾಗದ ಮೇಲ್ವಿಚಾರಕನೂ ಅವನೇ. ನಷ್ಟವನ್ನೆಲ್ಲ 88888 ಅನ್ನುವ ಒಂದು ಖಾತೆಗೆ ತಳ್ಳುತ್ತಾ ಹೋದ. ಸಣ್ಣಪುಟ್ಟ ತಪ್ಪುಗಳನ್ನು ಸರಿಮಾಡುವ ತನಕ ಇಡುವುದಕ್ಕೆ ಅಂತ ತೆರೆದಿದ್ದ ಖಾತೆ ಅದು. ವ್ಯವಹಾರ ಮಾಡುವುದು, ಅದರ ಲೆಕ್ಕ ಇಡುವುದು ಈ ಎರಡು ಕೆಲಸ ಒಬ್ಬನ ಕೈಯಲ್ಲಿ ಇರಬಾರದು ಅಂತ ಬ್ಯಾಂಕಿನ ಒಳಗಿನ ಆಡಿಟರ್‌ಗಳೇ 1994ರಲ್ಲಿ ಬರೆದುಕೊಟ್ಟಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಖಾತೆಯಲ್ಲಿ ಇಷ್ಟೊಂದು ಬಾಕಿ ಯಾಕೆ ನಿಂತಿದೆ ಅಂತ ಕೇಳಿ, ಉತ್ತರ ಸಿಗುವ ತನಕ ಬಿಡದೆ ಕೂರುವ ಒಬ್ಬರು ಬೇಕಿತ್ತು. ನಿನಗೆ ಈಗ ಕೊಟ್ಟಿರುವ ಕೆಲಸ ಅದೇ ಕಣೇ.

ಇನ್ನು ಕೆಲಸಕ್ಕೆ ಬರೋಣ. ನಿಮ್ಮ ಸಂಸ್ಥೆಯ ಪುಸ್ತಕದಲ್ಲಿ ಒಂದು ಪಟ್ಟಿ, ಬ್ರೋಕರ್ ಅಥವಾ ಷೇರು ಕಾಪಿಡುವ ಬ್ಯಾಂಕು ಕಳಿಸಿದ್ದು ಇನ್ನೊಂದು ಪಟ್ಟಿ. ಸಾಫ್ಟ್‌ವೇರು ಬಹುಪಾಲು ಸಾಲುಗಳನ್ನು ತಾನೇ ಜೋಡಿಸಿಬಿಡುತ್ತದೆ. ಉಳಿದದ್ದು ನಿನಗೆ. ಉಳಿದದ್ದರಲ್ಲೇ ಮಜಾ ಇರುವುದು. ಸುಮ್ನೆ ಮೇಲಿಂದ ಕೆಳಕ್ಕೆ ನೋಡುತ್ತಾ ಹೋಗಬೇಡ, ಮೊದಲು ವ್ಯತ್ಯಾಸದ ಮೊತ್ತವನ್ನೇ ದಿಟ್ಟಿಸಿ ನೋಡು. ಅದು 9ರಿಂದ ಭಾಗ ಹೋಗುತ್ತದಾ? ಹೋದರೆ ಯಾರೋ ಪಕ್ಕಪಕ್ಕದ ಎರಡು ಅಂಕಿ ಅದಲುಬದಲು ಮಾಡಿರುವ ಸಾಧ್ಯತೆ ಇದೆ. 4,720 ಬರೆಯುವ ಕಡೆ 4,270 ಬರೆದರೆ ವ್ಯತ್ಯಾಸ 450. ಅದನ್ನು 9ರಿಂದ ಭಾಗಿಸಿದರೆ 50, ಶೇಷ ಇಲ್ಲ. ಯಾವ ಎರಡು ಅಂಕಿ ಅದಲುಬದಲಾದರೂ ಹೀಗೇ ಆಗುತ್ತದೆ. ಯಾಕೆ ಅಂತ ನೀನೇ ಬಿಡಿಸು, ಗಣಿತ ಓದಿದವಳು. ಭಾಗ ಹೋಗದಿದ್ದರೆ ಅರ್ಧ ಮಾಡಿ ನೋಡು. ಆ ಅರ್ಧ ಮೊತ್ತದ ಸಾಲು ಪಟ್ಟಿಯಲ್ಲಿ ಎಲ್ಲಾದರೂ ಇದ್ದರೆ, ಡೆಬಿಟ್ ಆಗಬೇಕಾದ್ದು ಕ್ರೆಡಿಟ್ ಆಗಿರಬಹುದು. ಮೊತ್ತ ಸರಿ ಇದ್ದು ತಾರೀಖು ಮಾತ್ರ ಬೇರೆ ಇದ್ದರೆ, ಒಬ್ಬರು ವ್ಯವಹಾರ ಆದ ದಿನ ಬರೆದಿದ್ದಾರೆ, ಇನ್ನೊಬ್ಬರು ಹಣ ಮತ್ತು ಷೇರು ಕೈ ಬದಲಾದ ದಿನ ಬರೆದಿದ್ದಾರೆ. ಅಮೆರಿಕದಲ್ಲಿ 2024ರ ಮೇ 28ರಿಂದ ಷೇರು ವ್ಯವಹಾರ ಮುಗಿಯೋಕೆ ಒಂದು ಕೆಲಸದ ದಿನ ಸಾಕು, ಅದಕ್ಕೆ ಮುಂಚೆ ಎರಡು ದಿನ ಬೇಕಿತ್ತು. ಎಲ್ಲ ದೇಶದಲ್ಲೂ ಒಂದೇ ಲೆಕ್ಕ ಇಲ್ಲ. ಯಾವ ಮಾರುಕಟ್ಟೆಯ ಸಾಲು ಅಂತ ನೋಡಿಕೊಂಡೇ ಮುಂದೆ ಹೋಗು.

ಆ ಒಂದು ದಿನ, ಎರಡು ದಿನದ ಅಂತರ ಸಣ್ಣದು ಅಂತ ಅನಿಸಬಹುದು. 1974ರ ಜೂನ್ 26ರಂದು ಜರ್ಮನಿಯ ಹೆರ್‌ಸ್ಟಾಟ್ ಬ್ಯಾಂಕನ್ನು ಅಲ್ಲಿನ ಅಧಿಕಾರಿಗಳು ಸಂಜೆ ಹೊತ್ತಿಗೆ ಮುಚ್ಚಿಸಿದರು. ಅಷ್ಟು ಹೊತ್ತಿಗೆ ಬೇರೆ ಬ್ಯಾಂಕುಗಳು ಅದಕ್ಕೆ ಕೊಡಬೇಕಾದ ಮಾರ್ಕು, ಅಂದರೆ ಆಗಿನ ಜರ್ಮನಿಯ ಹಣ, ಕೊಟ್ಟಾಗಿತ್ತು. ಬದಲಿಗೆ ಬರಬೇಕಿದ್ದ ಡಾಲರು ನ್ಯೂಯಾರ್ಕಿನಿಂದ ಬರಬೇಕು, ಅಲ್ಲಿ ಇನ್ನೂ ಬೆಳಗ್ಗೆ. ಬರಲೇ ಇಲ್ಲ. ಕೆಲವೇ ಗಂಟೆಗಳ ಅಂತರಕ್ಕೆ ಆದ ಅನಾಹುತ ಅದು. ಇವತ್ತಿಗೂ ಈ ಅಪಾಯವನ್ನು ಆ ಬ್ಯಾಂಕಿನ ಹೆಸರಿನಿಂದಲೇ ಕರೆಯುತ್ತಾರೆ.

ಎಕ್ಸೆಲ್ ಬಗ್ಗೆ ನಿನಗೆ ನಾನು ಹೇಳುವುದೇನೂ ಇಲ್ಲ, ನಿನ್ನ ಕೈ ನನ್ನದಕ್ಕಿಂತ ಚುರುಕು. ಎರಡು ವಿಷಯ ಮಾತ್ರ. ಪಟ್ಟಿಯಿಂದ ಬೇಕಾದ ಸಾಲು ಹುಡುಕಿ ತರುವ ವಿ-ಲುಕಪ್ ಸೂತ್ರ ಬರೆಯುವಾಗ ಕೊನೆಗೆ ಫಾಲ್ಸ್ ಅಂತ ಹಾಕದೆ ಬಿಟ್ಟರೆ ಅದು ಹತ್ತಿರದ ಯಾವುದೋ ಸಾಲನ್ನು ಹಿಡಿದು ತಂದು ಕೊಡುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. ಇನ್ನೊಂದು, 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ತುಂಬಿದರೆ ಎಕ್ಸೆಲ್ 15 ಅಂಕಿ ಮಾತ್ರ ಇಟ್ಟುಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ. ಶುರುವಿನಲ್ಲಿ ಸೊನ್ನೆ ಇದ್ದರೆ ಅದನ್ನೂ ನುಂಗುತ್ತದೆ. ಟೆಕ್ಸ್ಟ್ ಅಂತ ಹೇಳಿ ತುಂಬು. ತಾಳೆ ಆಗದ ಸಾಲುಗಳಲ್ಲಿ ಎಷ್ಟೋ ಇಂಥ ಕಾರಣಕ್ಕೇ ಬಂದಿರುತ್ತವೆ.

"ನಾನು ಇಂಟರ್ನ್, ದೊಡ್ಡವರ ಲೆಕ್ಕವನ್ನು ಹೇಗೆ ಪ್ರಶ್ನಿಸಲಿ" ಅಂತ ಕೇಳಿದ್ದೀಯ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅಂತ ಇಬ್ಬರು ಹೆಸರಾಂತ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಬರೆದರು. ದೇಶದ ಸಾಲ ಅದರ ಜಿಡಿಪಿಯ ಶೇ 90 ದಾಟಿದರೆ ಬೆಳವಣಿಗೆ ತೀರಾ ಕುಗ್ಗುತ್ತದೆ ಅಂತ ಅದರ ಸಾರ. ಸರ್ಕಾರಗಳು ಖರ್ಚು ಕಡಿತಕ್ಕೆ ಅದನ್ನು ಆಧಾರವಾಗಿ ತೋರಿಸಿದವು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹೆರ್ನ್‌ಡನ್‌ಗೆ ತರಗತಿಯ ಅಭ್ಯಾಸವಾಗಿ ಆ ಲೆಕ್ಕವನ್ನು ಮತ್ತೆ ಮಾಡಿ ನೋಡುವ ಕೆಲಸ ಬಂತು. ಎಷ್ಟು ಮಾಡಿದರೂ ತಾಳೆ ಆಗಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿ ಅವರ ಎಕ್ಸೆಲ್ ಫೈಲು ತರಿಸಿಕೊಂಡ. ಸರಾಸರಿ ತೆಗೆಯುವ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಅದೊಂದೇ ತಪ್ಪಲ್ಲ, ಕೆಲವು ವರ್ಷಗಳ ಅಂಕಿ ಬಿಟ್ಟಿದ್ದು, ಸರಾಸರಿಯಲ್ಲಿ ಒಂದೊಂದು ದೇಶಕ್ಕೆ ತೂಕ ಕೊಟ್ಟ ರೀತಿ ಇವೆಲ್ಲದರ ಬಗ್ಗೆಯೂ ತಕರಾರಿತ್ತು. ಎಲ್ಲ ಸರಿಮಾಡಿದಾಗ, ಸಾಲ ಶೇ 90 ದಾಟಿದ ದೇಶಗಳ ಸರಾಸರಿಯಲ್ಲಿ ಮೈನಸ್ ಶೇ 0.1 ಇದ್ದ ಬೆಳವಣಿಗೆ ಶೇ 2.2 ಆಯಿತು. 2013ರಲ್ಲಿ ಇದು ಜಗತ್ತಿಗೆಲ್ಲ ಗೊತ್ತಾಯಿತು. ಸೂತ್ರದ ತಪ್ಪನ್ನು ಲೇಖಕರು ಒಪ್ಪಿಕೊಂಡರು, ಉಳಿದದ್ದಕ್ಕೆ ವಾದ ಮಾಡಿದರು.

ಅವನು ಏನು ಮಾಡಿದ ನೋಡು. ಮೊದಲು ತನ್ನ ಲೆಕ್ಕವನ್ನೇ ಅನುಮಾನಿಸಿದ. ಆಮೇಲೆ ಮೂಲ ಫೈಲು ಕೇಳಿದ. ನೀನೂ ಹಾಗೇ ಹೋಗು. ನಿನ್ನ ಮ್ಯಾನೇಜರ್ ಹತ್ತಿರ ಹೋಗಿ "ಇದು ತಪ್ಪು" ಅನ್ನಬೇಡ. "ಈ ಸಾಲು ನನಗೆ ತಾಳೆ ಆಗುತ್ತಿಲ್ಲ, ಇಷ್ಟು ನೋಡಿದೆ, ಇಲ್ಲಿ ನಿಂತಿದ್ದೇನೆ" ಅನ್ನು. ಹಾಗೆ ಕೇಳಿದವರನ್ನು ಯಾರೂ ಬೈಯುವುದಿಲ್ಲ. ಬೈದರೆ ಆ ಮ್ಯಾನೇಜರ್ ಬಗ್ಗೆ ನಿನಗೆ ಒಂದು ವಿಷಯ ಗೊತ್ತಾಯಿತು ಅಂತ ಇಟ್ಟುಕೋ. 11 ದಿನದಿಂದ ಬಾಕಿ ನಿಂತಿರುವ ಒಂದು ವ್ಯತ್ಯಾಸ ಇದೆ, "ಅದು ಯಾವಾಗಲೂ ಇರುತ್ತದೆ, ಬಿಡು" ಅಂದರು ಅಂತ ಬರೆದಿದ್ದೀಯಲ್ಲ, ಅದನ್ನು ಬಿಡಬೇಡ. ಬೇರೆ ಕೆಲಸ ಮುಗಿಸಿ ದಿನಾ ಸ್ವಲ್ಪ ಹೊತ್ತು ಅದಕ್ಕೆ ಕೊಡು.

ರಾತ್ರಿ ತನಕ ಕೂರುವ ವಿಷಯ. ಕೆಲಸ ಇದ್ದರೆ ಕೂರು. ಬಾಸ್ ಹೋಗಿಲ್ಲ ಅಂತ ಸುಮ್ನೆ ಕೂರಬೇಡ. 2013ರಲ್ಲಿ ಲಂಡನ್ನಿನಲ್ಲಿ ಒಬ್ಬ ಬೇಸಿಗೆ ಇಂಟರ್ನ್ ರಾತ್ರಿಗಟ್ಟಲೆ ದುಡಿದ ಮೇಲೆ ತೀರಿಕೊಂಡ. ಅವನಿಗೆ ಮೂರ್ಛೆ ರೋಗ ಇತ್ತು. ಆಯಾಸದಿಂದ ಅದು ಕೆರಳಿರಬಹುದು, ಆದರೆ ಖಚಿತವಾಗಿ ಹೇಳೋಕೆ ಆಗುವುದಿಲ್ಲ ಅಂತ ವಿಚಾರಣೆಯಲ್ಲಿ ಹೇಳಿದರು. 2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ತನ್ನ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಇಂಟರ್ನ್‌ಗಳು ರಾತ್ರಿ 12ರಿಂದ ಬೆಳಗ್ಗೆ 7ರ ತನಕ ಆಫೀಸಿನಲ್ಲಿ ಇರಕೂಡದು ಅಂತ ನಿಯಮ ಮಾಡಿತು. ಉಳಿದ 17 ಗಂಟೆ ಇರಬಹುದು ಅಂತ ಆಯಿತಲ್ಲ! ಟ್ರೇಡಿಂಗ್ ಡೆಸ್ಕ್, ವಿಲೀನದ ತಂಡ ಅಂತ ಹೊಟ್ಟೆಕಿಚ್ಚು ಪಡುವಾಗ ಇದೂ ತಲೆಯಲ್ಲಿರಲಿ.

ಈಗ ಸಿಟ್ಟಿನ ವಿಷಯ. ಪತ್ರದ ಮಧ್ಯೆ ಒಂದು ಕಡೆ, ನಿಮ್ಮ ದೊಡ್ಡ ಗಿರಾಕಿ ಒಬ್ಬರು ಯಾವ ಕಂಪನಿಯ ಷೇರನ್ನು ರಾಶಿ ರಾಶಿ ಕೊಳ್ಳುತ್ತಿದ್ದಾರೆ ಅಂತ ಇಬ್ಬರ ಹೆಸರೂ ಬರೆದಿದ್ದೀಯ. ಆ ಹಾಳೆಯನ್ನು ಹರಿದು ಹಾಕಿದೆ. ನನಗೆ ಹೇಳಿದರೆ ಏನಾಯಿತು ಅನ್ನಬೇಡ. ಒಳಗಿನ ಮಾಹಿತಿ ಇಟ್ಟುಕೊಂಡು ಷೇರು ಕೊಂಡವರಿಗೆ ಮಾತ್ರ ಶಿಕ್ಷೆ ಅಲ್ಲ, ಅದನ್ನು ದಾಟಿಸಿದವರಿಗೂ ಬಹಳಷ್ಟು ದೇಶಗಳಲ್ಲಿ ಶಿಕ್ಷೆ ಇದೆ. ಕಾನೂನು ಹಾಗಿರಲಿ, ತಾಳೆ ನೋಡುವವರಿಗೆ ಎಲ್ಲರ ಗುಟ್ಟೂ ಕಾಣುತ್ತದೆ. ಕಂಡದ್ದನ್ನು ಹೊರಗೆ ಆಡುವುದಿಲ್ಲ ಅನ್ನುವ ನಂಬಿಕೆ ಮೇಲೆಯೇ ನಮ್ಮನ್ನು ಅಲ್ಲಿ ಕೂರಿಸುವುದು. ಗೆಳತಿಯರಿಗೆ, ಅಪ್ಪನಿಗೆ, ನನಗೆ, ಯಾರಿಗೂ ಬೇಡ. ಮನೆಯಲ್ಲಿ ಮುಗಿಸುತ್ತೇನೆ ಅಂತ ಆಫೀಸಿನ ಫೈಲನ್ನು ನಿನ್ನ ಸ್ವಂತ ಮೇಲ್‌ಗೆ ಕಳಿಸಿಕೊಳ್ಳುವುದೂ ಬೇಡ. ಈ ವಿಷಯದಲ್ಲಿ ನನ್ನ ಹತ್ತಿರ ಸಲುಗೆ ಇಲ್ಲ.

ಕೊನೆಯಲ್ಲಿ ಕೆಲಸದ ಆಫರ್ ಕೊಡುತ್ತಾರೋ ಇಲ್ಲವೋ ಅನ್ನುವುದು ನಿನ್ನ ಕೆಲಸದ ಮೇಲೆ ಎಷ್ಟು ನಿಂತಿದೆಯೋ, ಆ ವರ್ಷ ಎಷ್ಟು ಜಾಗ ಖಾಲಿ ಇದೆ ಅನ್ನುವುದರ ಮೇಲೂ ಅಷ್ಟೇ ನಿಂತಿದೆ. ಅದರ ಚಿಂತೆ ಜಾಸ್ತಿ ಬೇಡ. ನಿನಗಿಂತ ಎರಡು ಮೂರು ವರ್ಷ ದೊಡ್ಡವರು ದಿನವಿಡೀ ಏನು ಮಾಡುತ್ತಾರೆ ಅಂತ ಗಮನಿಸು. ಆಫರ್ ತೆಗೆದುಕೊಂಡರೆ ಸ್ವಲ್ಪ ದಿನದಲ್ಲೇ ನೀನೂ ಅದನ್ನೇ ಮಾಡುವವಳು. ಅದು ಇಷ್ಟ ಆಗದಿದ್ದರೆ ಆಫರ್ ಬಂದರೂ ಯೋಚನೆ ಮಾಡು. ಹೊರಡುವ ಮುಂಚೆ, ನೀನು ಮಾಡಿದ ಕೆಲಸವನ್ನು ಮುಂದೆ ಬರುವವರು ಓದಿ ಮಾಡುವಷ್ಟು ಸರಿಯಾಗಿ ಬರೆದಿಟ್ಟು ಬಾ. ಹೊಳೆಯುವ ಸ್ಲೈಡುಗಳಿಗಿಂತ ಅದನ್ನು ನೆನಪಿಟ್ಟುಕೊಳ್ಳುತ್ತಾರೆ, ಕಡೇಪಕ್ಷ ಬ್ಯಾಕ್ ಆಫೀಸಿನವರು.

ಆ 11 ದಿನದ ವ್ಯತ್ಯಾಸ ಏನಾಯಿತು ಅಂತ ಮುಂದಿನ ಪತ್ರದಲ್ಲಿ ಬರೆ. ಹೆಸರೂ ಬೇಡ, ಮೊತ್ತವೂ ಬೇಡ. ತಪ್ಪು ಯಾವ ತರಹದ್ದು ಅಂತ ಮಾತ್ರ ಹೇಳು. 9ರಿಂದ ಭಾಗ ಹೋಯಿತಾ?

ನಿನ್ನ ಅತ್ತೆ